ರಕ್ತ ನಿಂತಿತು, ಮುಂದೇನು?



ಈ ಸಲದ ಪಾಠ ಸ್ವಲ್ಪ ಉದ್ದ ಅದ. ಒಂದೇ ದಿನದಲ್ಲಿ ಮುಗಿಸಬೇಕು ಅಂತೇನಿಲ್ಲ. ಎರಡು ಮೂರು ದಿನ ತಗೊಂಡು ಓದಿರಿ. ಓದುವಾಗ ಪಕ್ಕದಲ್ಲಿ ನೋಟಬುಕ್ಕು, ಪೆನ್ನು ಇಟ್ಟುಕೊಳ್ಳಿರಿ.

ಲಿವರ್ ಕೆಟ್ಟ ಒಬ್ಬರು ರಕ್ತ ಕಾರಿಕೊಂಡರು ಅಂತ ತಿಳಿಯಿರಿ. ದವಾಖಾನಿಗೆ ಒಯ್ದರು. ಪುಣ್ಯಕ್ಕೆ ಜೀವ ಉಳಿಯಿತು. ಮನೆಗೆ ಕರೆತಂದರು. ಮನೆಯವರು ದೇವರಿಗೆ ಕಾಯಿ ಒಡೆಸಿದರು. ನೆಂಟರು ಬಂದು ನೋಡಿಕೊಂಡು ಹೋದರು. "ಗಂಡಾಂತರ ದಾಟಿತು ಬಿಡ್ರಿ" ಅಂದರು. ಹದಿನೈದು ದಿನಕ್ಕೆ ಅವರು ಹೊಲಕ್ಕೆ ಹೋದರು, ಇಲ್ಲವೆ ಮಗ್ಗಕ್ಕೆ ಕೂತರು. ದವಾಖಾನಿಯ ಚೀಟಿ ಗೋಡೆಯ ಮೊಳೆಗೆ ಚುಚ್ಚಿತ್ತು. ಆ ಚೀಟಿಯಲ್ಲಿ ಮುಂದೆ ಬರಬೇಕಾದ ತಾರೀಖು ಬರೆದಿತ್ತು. ಅದನ್ನು ಯಾರೂ ಓದಲಿಲ್ಲ.

ಈ ಪಾಠ ಇರುವುದು ಆ ಚೀಟಿಯ ಬಗ್ಗೆ.

ಯಾಕಂದರೆ ರಕ್ತ ನಿಂತರೂ ರೋಗ ಹೋಗಿರುವುದಿಲ್ಲ. ಹೀಗೆ ಒಮ್ಮೆ ರಕ್ತ ಹೋದ 100 ಜನರು ಮುಂದೆ ಏನೂ ಚಿಕಿತ್ಸೆ ತಗೊಳ್ಳದಿದ್ದರೆ, ಒಂದೆರಡು ವರ್ಷದೊಳಗೆ ಸುಮಾರು 60 ಜನರಿಗೆ ಮತ್ತೆ ರಕ್ತ ಹೋಗುತ್ತದೆ. ಮೊದಲ ಆರು ವಾರ ಎಲ್ಲಕ್ಕಿಂತ ಅಪಾಯದ ದಿನಗಳು. ಚೀಟಿಯಲ್ಲಿ ಬರೆದಂತೆ ನಡೆದರೆ ಈ 60 ಎಂಬ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹೆದರಿಸಲಿಕ್ಕೆ ಇದನ್ನು ಬರೆದಿಲ್ಲ. ಚೀಟಿಯ ಬೆಲೆ ತಿಳಿಯಲಿ ಅಂತ ಬರೆದದ್ದು.

ಒಳಗೆ ಏನಾಗುತ್ತದೆ?

ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ ಪಕ್ಕೆಲುಬಿನ ಒಳಗೆ ಲಿವರ್ ಇರುತ್ತದೆ. ಪುಸ್ತಕದಲ್ಲಿ ಇದಕ್ಕೆ ಯಕೃತ್ತು ಅಂತ ಬರೆಯುತ್ತಾರೆ. ಕುರಿ ಕೊಯ್ದಾಗ ಕಲೇಜಿ ಅಂತೀವಲ್ಲ, ಮನುಷ್ಯರಲ್ಲಿ ಅದೇ ಇದು. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೊ ತೂಗುತ್ತದೆ. ನಾವು ಉಂಡದ್ದರ ಸಾರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆ ರಕ್ತ ಒಂದು ದೊಡ್ಡ ರಕ್ತನಾಳದ ಮೂಲಕ ಮೊದಲು ಲಿವರಿಗೆ ಬರುತ್ತದೆ. ಲಿವರ್ ಅದನ್ನು ಸೋಸಿ ಗುಂಡಿಗೆಯ ಕಡೆಗೆ ಕಳಿಸುತ್ತದೆ.

ಒಳ್ಳೆಯ ಲಿವರ್ ಮೆತ್ತಗೆ ಇರುತ್ತದೆ. ರಕ್ತ ಅದರೊಳಗೆ ಸರಾಗವಾಗಿ ಹರಿಯುತ್ತದೆ. ವರ್ಷಗಟ್ಟಲೆ ಸೆರೆ ಕುಡಿದರೆ ಲಿವರಿನಲ್ಲಿ ಗಾಯವಾಗುತ್ತದೆ. ಗಾಯ ಮಾಯುತ್ತದೆ, ಮತ್ತೆ ಗಾಯವಾಗುತ್ತದೆ. ಕಡೆಗೆ ಕೈಯಲ್ಲಿ ಬಾವಲಿ ಕಟ್ಟಿದ ಹಾಗೆ ಇಡೀ ಲಿವರ್ ಬಿರುಸಾಗುತ್ತದೆ. ಇದಕ್ಕೆ ಡಾಕ್ಟರರು ಸಿರೋಸಿಸ್ ಅಂತಾರೆ.

ಇಲ್ಲಿ ಒಂದು ಮಾತು. ಸಿರೋಸಿಸ್ ಅಂದ ಕೂಡಲೇ "ಕುಡುಕ" ಅನ್ನಬ್ಯಾಡ್ರಿ. ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಎಂಬ ಕಾಮಾಲೆ ರೋಗಗಳಿಂದಲೂ ಲಿವರ್ ಹೀಗಾಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರ ಲಿವರಿನಲ್ಲಿ ಕೊಬ್ಬು ತುಂಬಿಯೂ ಹೀಗಾಗುತ್ತದೆ. ಜನ್ಮದಲ್ಲಿ ಒಂದು ಹನಿ ಸೆರೆ ಮುಟ್ಟದ ಹೆಣ್ಣುಮಕ್ಕಳಿಗೂ ಈ ರೋಗ ಬಂದದ್ದುಂಟು. ಜನ ಏನಂದಾರೋ ಅಂತ ಅಂಜಿ ರೋಗ ಮುಚ್ಚಿಟ್ಟವರೂ ಇದ್ದಾರೆ. ಹಾಗೆ ಮಾಡಿದರೆ ರೋಗಿಗೇ ನಷ್ಟ.

ಈಗ ಕಾಲುವೆಯ ಲೆಕ್ಕದಲ್ಲಿ ನೋಡೋಣ. ನಮ್ಮ ಸೊಲ್ಲಾಪುರದ ಕಡೆ ಉಜನಿಯ ಕಾಲುವೆ ನೀರು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಾಲುವೆಯಲ್ಲಿ ಹೂಳು ತುಂಬಿತು ಅಂದರೆ ನೀರು ಮುಂದೆ ಹೋಗುವುದಿಲ್ಲ. ಹಿಂದೆ ನಿಲ್ಲುತ್ತದೆ. ಆಮೇಲೆ ಪಕ್ಕದ ಸಣ್ಣ ಸಣ್ಣ ಕಾಲುವೆಗೆ ನುಗ್ಗುತ್ತದೆ. ಅವುಗಳ ಒಡ್ಡು ತೆಳ್ಳಗೆ. ಅಷ್ಟು ನೀರು ತಡೆಯಲಾರದೆ ಒಂದು ದಿನ ಒಡೆಯುತ್ತದೆ.

ಲಿವರ್ ಬಿರುಸಾದಾಗ ರಕ್ತವೂ ಹೀಗೆಯೇ ಹಿಂದೆ ನಿಲ್ಲುತ್ತದೆ. ಆಗ ಅದು ಅನ್ನನಾಳದ ಕೆಳತುದಿಯ ಸಣ್ಣ ರಕ್ತನಾಳಗಳಿಗೆ ನುಗ್ಗುತ್ತದೆ. ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಗೆ ಅನ್ನ ಇಳಿಯುವ ಕೊಳವೆ. ಅಲ್ಲಿನ ರಕ್ತನಾಳಗಳು ಉಬ್ಬುತ್ತವೆ. ಜನರ ಮಾತಿನಲ್ಲಿ "ನರ ಉಬ್ಯಾವ" ಅಂತಾರೆ. ದವಾಖಾನಿಯಲ್ಲಿ ಇದಕ್ಕೆ ವೇರಿಸಿಸ್ ಅನ್ನುತ್ತಾರೆ. ಉಬ್ಬಿದ ನರ ನೋಯುವುದಿಲ್ಲ. ಉರಿಯುವುದೂ ಇಲ್ಲ. ಒಡೆದ ದಿನವೇ ಗೊತ್ತಾಗುವುದು. ಆಗ ರಕ್ತ ವಾಂತಿ ಆಗುತ್ತದೆ, ಇಲ್ಲವೆ ಡಾಂಬರಿನ ಹಾಗೆ ಕಪ್ಪಗೆ ಸಂಡಾಸ ಆಗುತ್ತದೆ.

ದವಾಖಾನಿಯಲ್ಲಿ ರಕ್ತ ನಿಲ್ಲಿಸುತ್ತಾರೆ. ಆದರೆ ಕಾಲುವೆಯ ಹೂಳು ಹಾಗೆಯೇ ಅದ. ಒಡ್ಡು ಒಡೆದ ಜಾಗ ಒಂದು ಮುಚ್ಚಿದರೆ ನೀರು ಇನ್ನೊಂದು ಜಾಗ ಹುಡುಕುತ್ತದೆ.

ರಬ್ಬರ್ ಉಂಗುರ

ಬಾಯಿಯಿಂದ ಒಂದು ತೆಳು ಪೈಪು ಬಿಡುತ್ತಾರೆ. ಅದರ ತುದಿಗೆ ಕ್ಯಾಮೆರಾ, ದೀಪ ಇರುತ್ತವೆ. ಇದಕ್ಕೆ ಎಂಡೋಸ್ಕೋಪಿ ಅನ್ನುತ್ತಾರೆ. ಆ ಪೈಪಿನಿಂದಲೇ ಉಬ್ಬಿದ ನರವನ್ನು ಹೀರಿ ಹಿಡಿದು, ಅದರ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ. ಇದೇ ಬ್ಯಾಂಡಿಂಗ್. ಉಂಗುರ ಬಿಗಿದ ನರ ಕೆಲವು ದಿನಗಳಲ್ಲಿ ಒಣಗಿ, ಉಂಗುರದ ಜೊತೆಗೇ ಉದುರಿ ಹೋಗುತ್ತದೆ. ಉದುರಿದ ಉಂಗುರ ಸಂಡಾಸದಲ್ಲಿ ಹೊರಗೆ ಹೋಗುತ್ತದೆ. ಅದನ್ನು ತೆಗೆಸಲಿಕ್ಕೆ ಹೋಗಬೇಕಾಗಿಲ್ಲ.

ಒಮ್ಮೆ ಹಾಕಿದರೆ ಸಾಲದು. ನರಗಳು ಎಷ್ಟೋ ಇರುತ್ತವೆ. ಎಲ್ಲವನ್ನೂ ಒಂದೇ ದಿನ ಕಟ್ಟಲು ಆಗುವುದಿಲ್ಲ. ಅದಕ್ಕೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಬರಲು ಹೇಳುತ್ತಾರೆ. ನರಗಳು ಪೂರ್ತಿ ಹೋಗುವ ತನಕ ಹೀಗೆ ಹೋಗಬೇಕು. ಹೆಚ್ಚಿನವರಿಗೆ ಎರಡು, ಮೂರು, ನಾಲ್ಕು ಸಲ ಬೇಕಾಗುತ್ತದೆ. ಎಲ್ಲ ಹೋದ ಮೇಲೆ ಮೂರರಿಂದ ಆರು ತಿಂಗಳಿಗೆ ಒಮ್ಮೆ ಪೈಪು ಬಿಟ್ಟು ನೋಡುತ್ತಾರೆ. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡುತ್ತಾರೆ. ಯಾಕೆ? ಹೂಳು ಇರುವ ತನಕ ನರ ಮತ್ತೆ ಉಬ್ಬಬಹುದು.

ನಮ್ಮ ಜನ ತಪ್ಪುವುದು ಇಲ್ಲಿಯೇ. "ಒಮ್ಮೆ ಬ್ಯಾಂಡ್ ಹಾಕಿಸೀವಿ, ಈಗ ಆರಾಮ ಇದ್ದಾರ" ಅಂತಾರ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬರುತ್ತದೆ, ಜೊತೆಗೆ ಒಬ್ಬರು ಬರಬೇಕು, ಪೈಪು ನುಂಗುವುದೂ ಸುಖದ ಕೆಲಸವಲ್ಲ. ಎಲ್ಲ ಖರೆ. ಆದರೂ ಮತ್ತೆ ರಕ್ತ ಹೋದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಜೀವದ ಮಾತು ಬಿಡ್ರಿ, ಬರೀ ರೊಕ್ಕದ ಲೆಕ್ಕ ಹಾಕಿದರೂ ಅಷ್ಟೇ.

ಬ್ಯಾಂಡ್ ಹಾಕಿದ ದಿನ ಎದೆಯಲ್ಲಿ ಸ್ವಲ್ಪ ನೋವು, ನುಂಗುವಾಗ ತಡೆದಂತೆ ಆಗುವುದು ಸಹಜ. ಎರಡು ಮೂರು ದಿನದಲ್ಲಿ ಕಡಿಮೆ ಆಗುತ್ತದೆ. ನರ ಉದುರಿದ ಜಾಗದಲ್ಲಿ ಹಸಿ ಗಾಯ ಇರುತ್ತದೆ. ಮೊದಲ ಎರಡು ವಾರ ಆ ಗಾಯದಿಂದಲೂ ಕೆಲವರಿಗೆ ರಕ್ತ ಬರುವುದುಂಟು. ಆದ್ದರಿಂದ ಮೊದಲ ದಿನ ತಣ್ಣಗಿನ ನೀರು, ಹಾಲು, ಮಜ್ಜಿಗೆಯಂಥ ತೆಳ್ಳಗಿನದು ಮಾತ್ರ ಕೊಡಿರಿ. ಮುಂದೆ ಒಂದು ವಾರವಾದರೂ ಮೆತ್ತಗಿನ ಊಟ ಇರಲಿ.

ನಮ್ಮ ಕಡೆ ಮೆತ್ತಗಿನ ಊಟಕ್ಕೇನೂ ಬರ ಇಲ್ಲ. ಜೋಳದ ನುಚ್ಚು ಮಜ್ಜಿಗೆ, ಮೆತ್ತಗೆ ಕುದಿಸಿದ ಖಿಚಡಿ, ಗಂಜಿ, ಹಾಲಿನಲ್ಲಿ ಪೂರ್ತಿ ನೆನೆಸಿದ ಬಿಸಿ ರೊಟ್ಟಿಯ ತಿಳಿ ತುಂಡು, ಬ್ಯಾಳಿ ಕಟ್ಟು ಎಲ್ಲ ನಡೆಯುತ್ತದೆ. ಎಲ್ಲವೂ ಆರಿರಲಿ. ಕಡಕ್ ರೊಟ್ಟಿ ಮಾತ್ರ ಬ್ಯಾಡ್ರಿ. ಸಜ್ಜಿಯ ಕಡಕ್ ರೊಟ್ಟಿ, ಶೇಂಗಾ, ಹಪ್ಪಳ, ಚುರುಮುರಿ ಇವು ಹಸಿ ಗಾಯದ ಮೇಲೆ ಉಜ್ಜುತ್ತವೆ. ಹತ್ತು ದಿನ ತಡೆದರೆ ಏನೂ ಹೋಗುವುದಿಲ್ಲ.

"ಬಿ.ಪಿ. ಇಲ್ಲ, ಬಿ.ಪಿ. ಗುಳಿಗಿ ಯಾಕ?"

ಬ್ಯಾಂಡಿನ ಜೊತೆಗೆ ದಿನಾಲೂ ಒಂದು ಗುಳಿಗಿ ಕೊಡುತ್ತಾರೆ. ಅದರ ಹೆಸರು ಪ್ರೊಪ್ರಾನೊಲಾಲ್ ಅಥವಾ ಕಾರ್ವೆಡಿಲಾಲ್. ಎರಡರಲ್ಲಿ ಒಂದು. ಈ ಗುಳಿಗಿಯ ಬಗ್ಗೆ ವಾರ್ಡಿನಲ್ಲಿ ಯಾವಾಗಲೂ ನಡೆಯುವ ಮಾತು ಹೀಗಿರುತ್ತದೆ. ಇಬ್ಬರು ಸೇರಿ ಗಟ್ಟಿಯಾಗಿ ಓದಿರಿ. ಒಬ್ಬರು ಅಕ್ಕ ಆಗಿರಿ, ಇನ್ನೊಬ್ಬರು ಸಿಸ್ಟರ್ ಆಗಿರಿ.

"ಸಿಸ್ಟರ್, ನಮ್ಮ ಮನಿಯವರಿಗೆ ಬಿ.ಪಿ. ಇಲ್ಲರಿ. ಅಂಗಡಿಯವ ಇದು ಬಿ.ಪಿ. ಗುಳಿಗಿ ಅಂದ. ತಪ್ಪಿ ಬರೆದೀರೇನು?"

"ತಪ್ಪಿಲ್ಲರಿ ಅಕ್ಕಾ. ಬಿ.ಪಿ. ಇದ್ದವರಿಗೂ ಇದನ್ನ ಕೊಡತಾರ. ನಿಮ್ಮವರಿಗೆ ಕೊಟ್ಟಿದ್ದು ಹೊಟ್ಟ್ಯಾಗಿನ ಉಬ್ಬಿದ ನರದ ಒತ್ತಡ ಇಳಿಸಲಿಕ್ಕೆ."

"ಮತ್ತ ಬ್ಯಾಂಡ್ ಹಾಕ್ಯಾರಲ್ರಿ?"

"ಬ್ಯಾಂಡ್ ನರ ಕಟ್ಟತದ. ಒತ್ತಡ ಇಳಿಸೂದಿಲ್ಲ. ಒತ್ತಡ ಇಳಿಸೂದು ಗುಳಿಗಿ. ಎರಡೂ ಬೇಕು."

"ಎಷ್ಟು ದಿನ ತಗೋಬೇಕ್ರಿ? ಈ ಪಾಕೀಟು ಮುಗಿಯೂ ತನಕ?"

"ಇಲ್ಲರಿ ಅಕ್ಕಾ. ಡಾಕ್ಟರ್ ಬಿಡು ಅನ್ನೂ ತನಕ. ಪಾಕೀಟು ಮುಗಿಯೂದಕ್ಕ ನಾಕು ದಿನ ಮೊದಲs ಇನ್ನೊಂದು ತರಬೇಕು. ನಡುವ ಬಿಟ್ಟರ ಒತ್ತಡ ಮತ್ತ ಏರತದ."

ಸಿಸ್ಟರ್ ಹೇಳಿದ್ದು ಸರಿ. ಎರಡು ಎತ್ತು ಹೂಡುವ ಗಾಡಿಗೆ ಒಂದೇ ಎತ್ತು ಕಟ್ಟಿದರೆ ಹೇಗೆ? ಬ್ಯಾಂಡ್ ಮತ್ತು ಗುಳಿಗಿ ಜೋಡೆತ್ತು ಇದ್ದ ಹಾಗೆ. ಬರೀ ಬ್ಯಾಂಡ್ ಅಥವಾ ಬರೀ ಗುಳಿಗಿಗಿಂತ ಎರಡೂ ಸೇರಿದರೆ ಮತ್ತೆ ರಕ್ತ ಹೋಗುವುದು ಕಡಿಮೆ.

ಈ ಗುಳಿಗಿಗೆ ಒಂದು ಕಥೆ ಅದ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರೊಪ್ರಾನೊಲಾಲನ್ನು ಗುಂಡಿಗೆಯ ರೋಗಕ್ಕೆಂದು ತಯಾರಿಸಿದರು. ಅವರಿಗೆ 1988ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ಗುಳಿಗಿ ಲಿವರ್ ರೋಗಿಗಳಲ್ಲಿ ಮತ್ತೆ ರಕ್ತ ಹೋಗುವುದನ್ನು ತಡೆಯುತ್ತದೆ ಎಂದು ಫ್ರಾನ್ಸಿನ ಡಾಕ್ಟರ್ ಲೆಬ್ರೆಕ್ ಮತ್ತು ಅವರ ಜೊತೆಗಾರರು 1980-81ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಇಂದಿನ ತನಕ ಇದು ಬಳಕೆಯಲ್ಲಿದೆ. ಬೆಲೆಯೂ ದುಬಾರಿ ಅಲ್ಲ.

ಮೊದಲು ಸಣ್ಣ ಪ್ರಮಾಣ ಕೊಟ್ಟು, ನಿಧಾನಕ್ಕೆ ಏರಿಸುತ್ತಾರೆ. ಪಕ್ಕದ ಮನೆಯವರ ಗುಳಿಗಿಯ ಲೆಕ್ಕ ನಿಮಗೆ ಬರುವುದಿಲ್ಲ. ದಮ್ಮು ಇದ್ದವರು ಮೊದಲೇ ಡಾಕ್ಟರರಿಗೆ ಹೇಳಬೇಕು. ಅವರಿಗೆ ಈ ಗುಳಿಗಿ ಆಗಿಬರುವುದಿಲ್ಲ. ಸಕ್ಕರೆ ಕಾಯಿಲೆಯವರೂ ಹೇಳಬೇಕು. ಸಕ್ಕರೆ ಇಳಿದಾಗ ಎದೆ ಡವಡವ ಅನ್ನುವ ಸೂಚನೆ ಈ ಗುಳಿಗಿಯಿಂದ ಮುಚ್ಚಿಹೋಗಬಹುದು. ಕೆಲವರಿಗೆ ಸುಸ್ತು, ತಲೆ ತಿರುಗುವುದು ಆಗುತ್ತದೆ. ಆಗ ತಾವೇ ಗುಳಿಗಿ ಬಿಡಬಾರದು. ಹೋಗಿ ಹೇಳಬೇಕು. ಡಾಕ್ಟರರು ಪ್ರಮಾಣ ಇಳಿಸುತ್ತಾರೆ, ಇಲ್ಲವೆ ಬೇರೆ ಉಪಾಯ ಮಾಡುತ್ತಾರೆ. ವಾಂತಿ-ಭೇದಿ ಜೋರಾಗಿ ಹತ್ತಿದರೆ, ಉಚ್ಚಿ ಕಡಿಮೆ ಆದರೆ, ಬಿ.ಪಿ.ಯ ಮೇಲಿನ ಅಂಕಿ 90ಕ್ಕಿಂತ ಇಳಿದರೆ ಅದೇ ದಿನ ಡಾಕ್ಟರರನ್ನು ಕೇಳಬೇಕು.

ನಾಡಿ ಎಣಿಸಲು ಕಲಿಯಿರಿ

ನಿಮಗೆ ಈಗ ಅಂಕಿ ಬರುತ್ತವೆ. ಅದನ್ನು ಇಲ್ಲಿ ಬಳಸಿರಿ. ಮುಂಜಾನೆ ರೋಗಿ ಶಾಂತವಾಗಿ ಕೂತಿರಲಿ. ಅವರ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ನಿಮ್ಮ ಎರಡು ಬೆರಳು ಇಡಿರಿ. ನಿಮ್ಮ ಹೆಬ್ಬೆರಳು ಇಡಬ್ಯಾಡ್ರಿ, ಅದರಲ್ಲಿ ನಿಮ್ಮದೇ ನಾಡಿ ಬಡಿಯುತ್ತದೆ. ಗಡಿಯಾರ ಇಲ್ಲವೆ ಮೊಬೈಲ್ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿರಿ. ತಾರೀಖು ಬರೆದು ಮುಂದೆ ಅಂಕಿ ಬರೆಯಿರಿ.

ಪ್ರೊಪ್ರಾನೊಲಾಲ್ ಕೊಡುವಾಗ ನಾಡಿ 55ರಿಂದ 60ರ ನಡುವೆ ಬರಲಿ ಎಂದು ಡಾಕ್ಟರರು ನೋಡುತ್ತಾರೆ. 80, 85 ಇದ್ದರೆ ಗುಳಿಗಿ ಸಾಲುತ್ತಿಲ್ಲ, ಇಲ್ಲವೆ ರೋಗಿ ನುಂಗುತ್ತಿಲ್ಲ! ಎರಡನೆಯದೂ ನಡೆಯುವುದುಂಟು. ದಿಂಬಿನ ಕೆಳಗೆ ಗುಳಿಗಿ ಸಿಕ್ಕ ಮನೆಗಳಿವೆ. 55ಕ್ಕಿಂತ ಕಡಿಮೆ ಬಂದರೆ ಡಾಕ್ಟರರಿಗೆ ತಿಳಿಸಿರಿ. 50ಕ್ಕಿಂತ ಕೆಳಗೆ ಬಂದರೆ, ಕಣ್ಣು ಕತ್ತಲೆ ಬಂದರೆ, ಅದೇ ದಿನ ತೋರಿಸಿರಿ. ನಿಮ್ಮ ಈ ಹಾಳೆ ನೋಡಿದರೆ ಡಾಕ್ಟರರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಸೆರೆಯ ಮಾತು

ಸೆರೆಯಿಂದ ಲಿವರ್ ಕೆಟ್ಟವರು ಸೆರೆ ಪೂರ್ತಿ ಬಿಡಬೇಕು. ಬೇರೆ ಕಾರಣದಿಂದ ಕೆಟ್ಟವರೂ ಮುಟ್ಟಬಾರದು. "ದೇಶಿ ಬ್ಯಾಡ, ಬೀರ್ ನಡೀತದ" ಅನ್ನುವವರಿದ್ದಾರೆ. ನಡೆಯುವುದಿಲ್ಲ. "ಸಿಂದಿ ತಂಪು" ಅನ್ನುವವರಿದ್ದಾರೆ. ಸಿಂದಿಯಲ್ಲೂ ಅಮಲು ಅದ. ಲಿವರಿಗೆ ಅಮಲು ಯಾವ ಬಾಟಲಿಯಿಂದ ಬಂತು ಅನ್ನುವುದು ಮುಖ್ಯ ಅಲ್ಲ.

ಬಿಟ್ಟರೆ ಆಗುವ ಲಾಭವೂ ದೊಡ್ಡದು. ಗಾಯ ಮಾಡುವುದು ನಿಂತರೆ ಒಳಗಿನ ಒತ್ತಡ ಕಾಲಕ್ರಮದಲ್ಲಿ ಇಳಿಯಬಹುದು. ಹೊಟ್ಟೆಯಲ್ಲಿ ನೀರು ತುಂಬಿದವರು ಕೆಲವರು ತಿಂಗಳುಗಳಲ್ಲಿ ಸುಧಾರಿಸಿದ್ದಾರೆ. ಕಾಲುವೆಯ ಹೂಳನ್ನು ಸ್ವಲ್ಪವಾದರೂ ತೆಗೆಯುವ ಕೆಲಸ ಇದು. ಬ್ಯಾಂಡೂ ಗುಳಿಗಿಯೂ ಹೂಳು ತೆಗೆಯುವುದಿಲ್ಲ.

ಆದರೆ ದಿನಾ ಬಹಳ ಕುಡಿಯುತ್ತಿದ್ದವರು ಒಮ್ಮೆಲೆ ಬಿಟ್ಟರೆ ಕೈ ನಡುಗುವುದು, ನಿದ್ದೆ ಹೋಗುವುದು, ಇಲ್ಲದ್ದು ಕಂಡಂತೆ ಆಗುವುದು, ಫಿಟ್ಸ್ ಬರುವುದು ಉಂಟು. "ಒಂದು ಗುಟುಕು ಕೊಟ್ಟರ ಸರಿ ಹೋಗ್ತದ" ಅಂತ ಕೊಡಬ್ಯಾಡ್ರಿ. ಇದಕ್ಕೆ ಔಷಧಿ ಅದ. ದವಾಖಾನಿಯಲ್ಲಿದ್ದಾಗಲೇ ಡಾಕ್ಟರರಿಗೆ ಎಷ್ಟು ಕುಡಿಯುತ್ತಿದ್ದರು ಎಂದು ಖರೆ ಹೇಳಿರಿ. ಮನೆಗೆ ಬಂದ ಮೇಲೆ ಚಟ ಬಿಡಲು ಸಹಾಯ ಬೇಕಾದರೆ 14446 ಎಂಬ ಸರಕಾರಿ ನಂಬರಿಗೆ ಫೋನ್ ಮಾಡಬಹುದು. ಮನಸ್ಸಿಗೆ ಬಹಳ ಬೇಸರ, ಕಳವಳ ಆದರೆ 14416 ಅದ. ರೊಕ್ಕ ಹತ್ತುವುದಿಲ್ಲ.

ಇನ್ನು ನೆಂಟರು. ಲಗ್ನ, ಜಾತ್ರೆ, ಚುನಾವಣೆ ಬಂದಾಗ ಯಾರಾದರೂ ಒಬ್ಬರು "ಏ ಮಾವಾ, ಇವತ್ತೊಂದಿನ" ಅಂತ ಗ್ಲಾಸು ಮುಂದೆ ಹಿಡಿಯುತ್ತಾರೆ. ಹಾಗೆ ಹಿಡಿದವರಿಗೆ ಈ ಪಾಠ ಓದಿ ಹೇಳ್ರಿ. ಬೈಯುವುದಕ್ಕಿಂತ ಅದು ಒಳ್ಳೆಯದು. ಕುಡಿತ ಬಿಡಲು ಹೊರಟವರನ್ನು ಮನೆಯಲ್ಲಿ ದಿನಾ ಚುಚ್ಚಿ ಮಾತಾಡುವುದೂ ಬ್ಯಾಡ. ಅವರು ನಡುವೆ ಒಮ್ಮೆ ಜಾರಿದರೂ ಡಾಕ್ಟರರ ಹತ್ತಿರ ಮುಚ್ಚಿಡಬಾರದು. ಜಾರಿದರು ಅಂತ ಬ್ಯಾಂಡಿನ ತಾರೀಖು, ಗುಳಿಗಿ ಬಿಡುವುದು ಇನ್ನೂ ಕೆಟ್ಟದ್ದು.

ಕಾಮಾಲೆಯಿಂದ ಲಿವರ್ ಕೆಟ್ಟವರಿಗೆ ಬೇರೆ ದಾರಿ ಅದ. ಹೆಪಟೈಟಿಸ್ ಬಿ ಮತ್ತು ಸಿ ರೋಗಕ್ಕೆ 2018ರಿಂದ ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ತಪಾಸಣೆ, ಔಷಧಿ ಪುಕ್ಕಟೆ ಕೊಡುತ್ತಾರೆ. ಸಿ ಇದ್ದರೆ ಕೆಲವು ತಿಂಗಳ ಗುಳಿಗಿಯಿಂದ ಹೆಚ್ಚಿನವರಿಗೆ ಆ ವೈರಸ್ ಪೂರ್ತಿ ಹೋಗುತ್ತದೆ. ಬಿ ಇದ್ದರೆ ಗುಳಿಗಿಯಿಂದ ಹತೋಟಿಯಲ್ಲಿ ಇಡಬಹುದು. ಮನೆಯ ಉಳಿದವರಿಗೂ ತಪಾಸಣೆ ಮಾಡಿಸಿ, ಬಿ ಇಲ್ಲದವರಿಗೆ ಲಸಿಕೆ ಹಾಕಿಸಬೇಕು.

ಅಂಗಡಿಯ ಗುಳಿಗಿ, ಮನೆಯ ಊಟ

ಮೈಕೈ ನೋವು ಅಂತ ಅಂಗಡಿಯಿಂದ ಗುಳಿಗಿ ತಂದು ನುಂಗುವುದು ನಮ್ಮೆಲ್ಲರ ರೂಢಿ. ಈ ರೋಗಿಗಳಿಗೆ ಅದು ವಿಷದ ಸಮಾನ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ರಕ್ತ ಹರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಊರಿಗೆ ಬರುವ ಸೂಜಿ ಡಾಕ್ಟರು ಚುಚ್ಚುವ ನೋವಿನ ಸೂಜಿಯಲ್ಲೂ ಇವೇ ಇರಬಹುದು. ಜ್ವರ, ನೋವು ಬಂದರೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಆದರೆ 500ರ ಗುಳಿಗಿ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬ್ಯಾಡ, ಅದೂ ಡಾಕ್ಟರರನ್ನು ಕೇಳಿ. ಗುಂಡಿಗೆಗೆಂದು ಡಾಕ್ಟರರೇ ಆಸ್ಪಿರಿನ್ ಬರೆದಿದ್ದರೆ ತಾವೇ ಬಿಡಬ್ಯಾಡ್ರಿ, ಕೇಳಿರಿ. ಹೆಸರು ಗೊತ್ತಿಲ್ಲದ ಪುಡಿ, ಕಾಮಾಲೆ ಇಳಿಸುವ ಬೇರು, ನಿದ್ದೆಯ ಗುಳಿಗಿ ಬ್ಯಾಡವೇ ಬ್ಯಾಡ.

ಊಟದಲ್ಲಿ ನಮ್ಮ ಜನ ಮಾಡುವ ಪಥ್ಯ ಹೆಚ್ಚಾಗಿ ಉಲ್ಟಾ. ಬರೀ ಗಂಜಿ, ಕಬ್ಬಿನ ಹಾಲು ಕೊಟ್ಟು ಬ್ಯಾಳಿ, ತತ್ತಿ, ಹಾಲು ಬಿಡಿಸುತ್ತಾರೆ. ಮೊದಲೇ ಸೊರಗಿದ ಮೈ ಇನ್ನೂ ಸೊರಗುತ್ತದೆ. ಲಿವರ್ ರೋಗಿಗೆ ಬ್ಯಾಳಿ, ಮೊಸರು, ಹಾಲು, ತಿನ್ನುವವರಾದರೆ ತತ್ತಿ, ಮೀನು ಎಲ್ಲ ಬೇಕು. ಹೊಟ್ಟೆಯಲ್ಲಿ ನೀರು, ಕಾಲಿನಲ್ಲಿ ಬಾವು ಇದ್ದರೆ ಬಿಡಬೇಕಾದದ್ದು ಉಪ್ಪು. ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾದ ಉಪ್ಪೂ ಇದರಲ್ಲೇ ಬಂತು. ಶೇಂಗಾ ಚಟ್ನಿ ಬೇಕೆನಿಸಿದರೆ ಉಪ್ಪಿಲ್ಲದೆ ಕುಟ್ಟಿ, ಗಾಯ ಮಾಯ್ದ ಮೇಲೆ ಕೊಡಿರಿ.

ರಾತ್ರಿ ಬರೀ ಹೊಟ್ಟೆಯಲ್ಲಿ ಬಹಳ ಹೊತ್ತು ಇರಬಾರದು. ಮಲಗುವ ಮುಂಚೆ ಒಂದು ಲೋಟ ಹಾಲು, ಒಂದು ರೊಟ್ಟಿಯ ತುಂಡು ಇರಲಿ. ಗುರುವಾರ, ಏಕಾದಶಿಯ ನಿರಾಹಾರ ಉಪವಾಸವನ್ನು ಮನೆಯ ಬೇರೆಯವರು ಹಿಡಿದರಾಯಿತು. ದೇವರು ಸಿಟ್ಟಾಗಲಾರ. ಮಲಬದ್ಧತೆ ಆಗದಂತೆ ಡಾಕ್ಟರರು ಸಿಹಿಯಾದ ಲ್ಯಾಕ್ಟುಲೋಸ್ ಔಷಧಿ ಕೊಟ್ಟಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಸಂಡಾಸ ಆಗುವಂತೆ ಕೊಡಿರಿ. ರೋಗಿ ಹಗಲು ಮಲಗಿ ರಾತ್ರಿ ಎಚ್ಚರ ಇದ್ದರೆ, ಮಾತು ತಡವರಿಸಿದರೆ, ಸಂಬಂಧ ಇಲ್ಲದ ಮಾತಾಡಿದರೆ ಅದು ಗಾಳಿ ಸೋಂಕಲ್ಲ. ಲಿವರಿನ ತೊಂದರೆ ತಲೆಗೆ ಏರಿದ್ದು. ದವಾಖಾನಿಗೆ ಒಯ್ಯಿರಿ.

ಮತ್ತೆ ರಕ್ತ ಕಂಡರೆ

ವಾಂತಿಯಲ್ಲಿ ಕೆಂಪು ರಕ್ತ, ಇಲ್ಲವೆ ಕಾಫಿ ಪುಡಿಯಂಥದು ಬಂದರೆ, ಡಾಂಬರಿನಂತೆ ಜಿಗುಟಾದ ನಾತದ ಸಂಡಾಸ ಆದರೆ, ತಣ್ಣನೆ ಬೆವರು ಬಂದು ತಲೆ ತಿರುಗಿದರೆ ತಡ ಮಾಡಬ್ಯಾಡ್ರಿ. ಬೆಳಗಾಗಲಿ ಅಂತ ಕಾಯಬ್ಯಾಡ್ರಿ. ಕಬ್ಬಿಣದ ಗುಳಿಗಿ ತಗೊಳ್ಳುವವರಿಗೂ ಸಂಡಾಸ ಕಪ್ಪಾಗುತ್ತದೆ, ಆದರೆ ಜಿಗುಟು, ಕೆಟ್ಟ ನಾತ ಇರುವುದಿಲ್ಲ. ಸಂಶಯ ಇದ್ದರೆ ರಕ್ತ ಅಂತಲೇ ತಿಳಿಯಿರಿ.

108ಕ್ಕೆ ಫೋನ್ ಮಾಡಿರಿ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿರಿ, ವಾಂತಿ ಉಸಿರಿನ ದಾರಿಗೆ ಹೋಗಬಾರದು. ನೀರು, ಲಿಂಬಿ ಹಣ್ಣಿನ ರಸ, ಬೂದಿ, ಯಾವುದನ್ನೂ ಬಾಯಿಗೆ ಹಾಕಬ್ಯಾಡ್ರಿ. ಆ ದಿನದ ಗುಳಿಗಿಯನ್ನೂ ಕೊಡಬ್ಯಾಡ್ರಿ, ಮುಂದಿನದು ಡಾಕ್ಟರರು ಹೇಳುತ್ತಾರೆ. ಹಳೆಯ ಚೀಟಿಗಳ ಚೀಲ, ರೇಷನ್ ಕಾರ್ಡು, ಆಧಾರ್ ಕಾರ್ಡು ತಗೊಳ್ಳಿರಿ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ದವಾಖಾನಿಯಲ್ಲಿ ಆರೋಗ್ಯಮಿತ್ರ ಎಂಬುವರನ್ನು ಕೇಳಿರಿ. ರಕ್ತ ಕೊಡಬಲ್ಲ ಇಬ್ಬರು ಹುಡುಗರು ಜೊತೆಗೆ ಬಂದರೆ ಒಳ್ಳೆಯದು.

ದವಾಖಾನಿಯಲ್ಲಿ ಕನ್ನಡ ಬಲ್ಲವರು ಎದುರಿಗೆ ಇಲ್ಲದಿದ್ದರೆ ಗಾಬರಿಯಲ್ಲಿ ಮರಾಠಿ ಮಾತು ಸಿಗುವುದಿಲ್ಲ. ಈ ಮೂರು ವಾಕ್ಯ ಈಗಲೇ ಬಾಯಿಪಾಠ ಮಾಡಿರಿ. "ರಕ್ತಾಚಿ ಉಲಟಿ ಝಾಲಿ." ಅಂದರೆ ರಕ್ತ ವಾಂತಿ ಆಯಿತು. "ಲಿವ್ಹರಚಾ ಆಜಾರ ಆಹೇ." ಅಂದರೆ ಲಿವರ್ ರೋಗ ಅದ. "ಆಧೀ ಬ್ಯಾಂಡ್ ಲಾವಲೇಲೆ ಆಹೇತ." ಅಂದರೆ ಮೊದಲು ಬ್ಯಾಂಡ್ ಹಾಕಿದ್ದಾರೆ. ಈ ಮೂರು ವಾಕ್ಯ ಕೇಳಿದ ಕೂಡಲೇ ಡಾಕ್ಟರರಿಗೆ ಯಾವ ದಾರಿ ಹಿಡಿಯಬೇಕು ಅಂತ ತಿಳಿಯುತ್ತದೆ.

ಬ್ಯಾಂಡ್, ಗುಳಿಗಿ ಎರಡೂ ಸರಿಯಾಗಿ ನಡೆದರೂ ಕೆಲವರಿಗೆ ಮತ್ತೆ ರಕ್ತ ಹೋಗುತ್ತದೆ. ಅವರಿಗೆ ದೊಡ್ಡ ಊರಿನ ದವಾಖಾನಿಯಲ್ಲಿ ಇನ್ನೊಂದು ಉಪಾಯ ಅದ. ಕುತ್ತಿಗೆಯ ರಕ್ತನಾಳದಿಂದ ಹೋಗಿ ಲಿವರಿನೊಳಗೆ ಒಂದು ಸಣ್ಣ ಜಾಳಿಗೆಯ ಕೊಳವೆ ಕೂಡಿಸುತ್ತಾರೆ. ಹೂಳಿನ ನಡುವೆ ರಕ್ತಕ್ಕೆ ಹೊಸ ಕಾಲುವೆ ಕಡಿದ ಹಾಗೆ. ಇದಕ್ಕೆ ಟಿಪ್ಸ್ ಅನ್ನುತ್ತಾರೆ. ಎಲ್ಲರಿಗೂ ಆಗಿಬರುವುದಿಲ್ಲ. ಲಿವರ್ ಬದಲಿಸುವುದು ಕಡೆಯ ದಾರಿ. ಇವುಗಳ ಬಗ್ಗೆ ಡಾಕ್ಟರರೇ ಹೇಳಬೇಕು.

ಅಭ್ಯಾಸ

ಚೀಟಿಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ಆದ್ದರಿಂದ ಬಿಡುಗಡೆಯ ದಿನ ಸಿಸ್ಟರ್ ಹತ್ತಿರ ಕೇಳಿ, ನಿಮ್ಮ ನೋಟಬುಕ್ಕಿನ ಕಡೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಕು. ಇವತ್ತು ಆ ಹಾಳೆಯನ್ನು ಬರೆದು ರೂಢಿ ಮಾಡಿರಿ. ರೋಗಿಯ ಹೆಸರು, ರಕ್ತದ ಗುಂಪು, ಬ್ಯಾಂಡ್ ಹಾಕಿದ ತಾರೀಖು, ಎಷ್ಟು ಬ್ಯಾಂಡ್, ಮತ್ತೆ ಬರಬೇಕಾದ ತಾರೀಖು, ಗುಳಿಗಿಯ ಹೆಸರು, ಹೊತ್ತಿಗೆ ಎಷ್ಟು, ದವಾಖಾನಿಯ ಫೋನ್ ನಂಬರು.

1. ಬಿಟ್ಟ ಜಾಗ ತುಂಬಿರಿ: ಉಬ್ಬಿದ ನರವನ್ನು ಕಟ್ಟುವುದು ______. ಒಳಗಿನ ಒತ್ತಡ ಇಳಿಸುವುದು ______.

2. ನಿಮ್ಮ ಮನೆಯಲ್ಲಿ ಇಬ್ಬರ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆಯಿರಿ. ಹತ್ತು ಸಲ ಎದ್ದು ಕೂತ ಮೇಲೆ ಮತ್ತೆ ಎಣಿಸಿರಿ. ಅಂಕಿ ಹೆಚ್ಚಾಯಿತೋ, ಕಡಿಮೆ ಆಯಿತೋ?

3. ಒಬ್ಬರಿಗೆ ಜನವರಿ 5ಕ್ಕೆ ಬ್ಯಾಂಡ್ ಹಾಕಿದರು. "ಮೂರು ವಾರ ಬಿಟ್ಟು ಬರ್ರಿ" ಅಂದರು. ತಾರೀಖು ಎಷ್ಟಾಗುತ್ತದೆ? ಕ್ಯಾಲೆಂಡರ್ ನೋಡಿರಿ. ಆ ದಿನ ಏನು ವಿಶೇಷ ಅದ? ದವಾಖಾನಿಯ ಆ ವಿಭಾಗ ತೆರೆದಿರುತ್ತದೆಯೇ? ಯಾವ ದಿನ ಬರಬೇಕು ಅಂತ ಸಿಸ್ಟರಿಗೆ ಹೇಗೆ ಕೇಳುತ್ತೀರಿ? ಎರಡು ವಾಕ್ಯದಲ್ಲಿ ಬರೆಯಿರಿ.